ಪೆಟ್ರೋಲ್ ತೆರಿಗೆ: ಲೀಟರಿಗೆ ಇಷ್ಟು ಅಂತ ಇರಬೇಕೋ, ನೂರಕ್ಕೆ ಇಷ್ಟು ಅಂತಲೋ?

2022ರ ಜೂನ್ ತಿಂಗಳು ನೆನಪಿದೆಯಾ? ಉಕ್ರೇನ್ ಯುದ್ಧ ಶುರುವಾಗಿ ನಾಲ್ಕು ತಿಂಗಳಾಗಿತ್ತು. ಭಾರತ ಕೊಳ್ಳುವ ಕಚ್ಚಾ ತೈಲದ ಸರಾಸರಿ ಬೆಲೆ ಬ್ಯಾರಲ್‌ಗೆ 116 ಡಾಲರ್ ಮುಟ್ಟಿತ್ತು. ಅದರ ಹಿಂದಿನ ವರ್ಷ ಇದೇ ತಿಂಗಳಲ್ಲಿ 72 ಡಾಲರ್ ಆಸುಪಾಸು ಇತ್ತು. ಆ ಒಂದು ವರ್ಷದಲ್ಲಿ ಅಮೆರಿಕದಲ್ಲಿ ಪೆಟ್ರೋಲ್ ಬೆಲೆ ಶೇ 59.9 ಏರಿತು. ಬ್ರಿಟನ್ನಿನಲ್ಲಿ ವಾಹನ ಇಂಧನದ ಬೆಲೆ ಶೇ 42.3 ಏರಿತು. ದೆಹಲಿಯಲ್ಲಿ? 2021ರ ಜೂನ್ ಮಧ್ಯಕ್ಕೆ ಲೀಟರಿಗೆ 96 ರೂ. ದಾಟಿತ್ತು, 2022ರ ಜೂನ್‌ನಲ್ಲಿ 96.72 ರೂ. ಇತ್ತು. ಅಂದರೆ ಏರಿಕೆ ಹತ್ತಿರ ಹತ್ತಿರ ಸೊನ್ನೆ.

ತೈಲ ಅದೇ, ಯುದ್ಧ ಅದೇ. ಆದರೂ ಮೂರು ದೇಶಗಳಲ್ಲಿ ಮೂರು ಕಥೆ. ಈ ವ್ಯತ್ಯಾಸದ ದೊಡ್ಡ ಪಾಲು ತೆರಿಗೆಯಲ್ಲಿದೆ. ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಪೆಟ್ರೋಲ್ ಮಾತು ಬಂದರೆ ಸಾಕು, ಕೇಂದ್ರದವರು ಏರಿಸಿದರು ಅಂತ ಒಂದು ಗುಂಪು, ರಾಜ್ಯದವರು ಏರಿಸಿದರು ಅಂತ ಇನ್ನೊಂದು ಗುಂಪು, ಚಹಾ ಮುಗಿಯುವವರೆಗೆ ಜಗಳ. ಎರಡೂ ಕಡೆ ಸತ್ಯ ಇದೆ. ಆದರೆ ತೆರಿಗೆ ಎಷ್ಟು ಅನ್ನುವಷ್ಟೇ ಮುಖ್ಯ ಅದನ್ನು ಹಾಕುವ ರೀತಿ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ.

ಮೊದಲು ಎರಡು ಪ್ರಶ್ನೆಗಳನ್ನು ಬೇರೆ ಮಾಡಿಕೊಳ್ಳೋಣ. ಪೆಟ್ರೋಲ್ ಎಷ್ಟು ದುಬಾರಿ ಅನ್ನುವುದು ಒಂದು. ಎಷ್ಟು ಬೇಗ ದುಬಾರಿ ಆಗುತ್ತಿದೆ ಅನ್ನುವುದು ಇನ್ನೊಂದು. ಹಣದುಬ್ಬರ ಅಂದರೆ ಎರಡನೆಯದು. ತೆರಿಗೆ ಜಾಸ್ತಿ ಇರುವ ದೇಶದಲ್ಲಿ ಪೆಟ್ರೋಲ್ ದುಬಾರಿ ಇರುತ್ತದೆ, ಅದರಲ್ಲಿ ಸಂಶಯವಿಲ್ಲ. ಆದರೆ ಕಚ್ಚಾ ತೈಲ ಏರಿದಾಗ ಅಂಥ ದೇಶದಲ್ಲೇ ಶೇಕಡಾವಾರು ಏರಿಕೆ ಕಡಿಮೆ ಇರುವುದುಂಟು. ಕೇಳಲು ವಿಚಿತ್ರ ಅನ್ನಿಸಬಹುದು, ಬ್ರಿಟನ್ನಿನ ಲೆಕ್ಕ ಹಾಕಿ ನೋಡಿದರೆ ಸ್ಪಷ್ಟವಾಗುತ್ತದೆ.

ಅಲ್ಲಿ 2021ರ ಜೂನ್‌ನಲ್ಲಿ ಒಂದು ಲೀಟರ್ ಪೆಟ್ರೋಲ್‌ಗೆ ಸರಾಸರಿ 129.7 ಪೆನ್ಸ್ ಇತ್ತು. ಅದರಲ್ಲಿ 57.95 ಪೆನ್ಸ್ ಇಂಧನ ಸುಂಕ. ಇದು ಲೀಟರಿಗೆ ಇಷ್ಟು ಅಂತ ಗಟ್ಟಿಯಾಗಿ ನಿಂತ ತೆರಿಗೆ, 2011ರಿಂದ ಏರಿಸಿರಲೇ ಇಲ್ಲ. ಅದರ ಮೇಲೆ ಶೇ 20 ವ್ಯಾಟ್. ಎರಡೂ ಸೇರಿ ಸುಮಾರು 80 ಪೆನ್ಸ್ ಸರ್ಕಾರಕ್ಕೆ, ಉಳಿದ 50 ಪೆನ್ಸ್ ತೈಲ, ಸಂಸ್ಕರಣೆ, ಅಂಗಡಿಯವರ ಲಾಭ ಎಲ್ಲಕ್ಕೂ. ಒಂದು ವರ್ಷದ ನಂತರ ಬಂಕಿನ ಬೆಲೆ 184 ಪೆನ್ಸ್. ಆ ಹೊತ್ತಿಗೆ ಸುಂಕವನ್ನು 5 ಪೆನ್ಸ್ ಇಳಿಸಿ 52.95 ಮಾಡಿದ್ದರು. ವ್ಯಾಟ್ ಸುಮಾರು 31 ಪೆನ್ಸ್ ಆಗಿತ್ತು. ಇವೆರಡನ್ನೂ ತೆಗೆದರೆ ಉಳಿಯುವುದು 100 ಪೆನ್ಸ್. ನೋಡಿ, ತೆರಿಗೆ ಬಿಟ್ಟ ಬೆಲೆ 50ರಿಂದ 100ಕ್ಕೆ ಹೋಯಿತು, ಅಂದರೆ ದುಪ್ಪಟ್ಟು. ಬಂಕಿನಲ್ಲಿ ಕೊಟ್ಟ ಬೆಲೆ ಮಾತ್ರ ಶೇ 42ರಷ್ಟೇ ಏರಿತು. ನಡುವೆ ತೈಲದ ಜೊತೆ ಏರದೆ ನಿಂತ ಆ ಸುಂಕವೇ ಏಟನ್ನು ತಡೆದದ್ದು.

ಅಮೆರಿಕದಲ್ಲಿ ಇಂಥ ತಡೆ ಬಹಳ ತೆಳ್ಳಗೆ. ಕೇಂದ್ರದ ತೆರಿಗೆ ಒಂದು ಗ್ಯಾಲನ್‌ಗೆ 18.4 ಸೆಂಟ್, 1993ರಿಂದ ಹಾಗೇ ಇದೆ. ಗ್ಯಾಲನ್ ಅಂದರೆ 3.785 ಲೀಟರ್, ಹಾಗಾಗಿ ಲೀಟರಿಗೆ 5 ಸೆಂಟ್ ಕೂಡ ಆಗುವುದಿಲ್ಲ. ರಾಜ್ಯಗಳದ್ದು ಸೇರಿಸಿದರೆ ಸರಾಸರಿ ಗ್ಯಾಲನ್‌ಗೆ 50 ಸೆಂಟ್ ಆಸುಪಾಸು. 2022ರ ಜೂನ್‌ನಲ್ಲಿ ಗ್ಯಾಲನ್ ಬೆಲೆ 5 ಡಾಲರ್ ದಾಟಿದಾಗ ಅದರಲ್ಲಿ ತೆರಿಗೆ ಹತ್ತನೇ ಒಂದು ಭಾಗ ಮಾತ್ರ. ಕಚ್ಚಾ ತೈಲದ ಪ್ರತಿ ಏರಿಳಿತವೂ ಅಲ್ಲಿ ನೇರವಾಗಿ ಗ್ರಾಹಕನ ಜೇಬಿಗೆ ಬಂದು ಬಡಿಯುತ್ತದೆ. ಅಲ್ಲಿನ ಪೆಟ್ರೋಲ್ ಯುರೋಪಿಗಿಂತ ಎಷ್ಟೋ ಅಗ್ಗ, ಆದರೆ ಅಗ್ಗದ ಪೆಟ್ರೋಲೇ ಜಾಸ್ತಿ ಕುಣಿಯುತ್ತದೆ.

ಇನ್ನು ನಮ್ಮ ಕಡೆ ಬರೋಣ. ಭಾರತದಲ್ಲಿ ಎರಡೂ ರೀತಿಯ ತೆರಿಗೆ ಒಂದರ ಮೇಲೊಂದು ಕೂತಿವೆ. ಕೇಂದ್ರದ ಅಬಕಾರಿ ಸುಂಕ ಲೀಟರಿಗೆ ಇಷ್ಟು ರೂಪಾಯಿ ಅಂತ ಇರುತ್ತದೆ. ಕರ್ನಾಟಕದ ಮಾರಾಟ ತೆರಿಗೆ ನೂರಕ್ಕೆ ಇಷ್ಟು ಅಂತ. 2024ರ ಜೂನ್ 15ರಂದು ರಾಜ್ಯ ಸರ್ಕಾರ ಪೆಟ್ರೋಲ್ ಮೇಲಿನ ತೆರಿಗೆಯನ್ನು ಶೇ 25.92ರಿಂದ ಶೇ 29.84ಕ್ಕೆ ಏರಿಸಿತು. ಬೆಂಗಳೂರಿನಲ್ಲಿ ಲೀಟರಿಗೆ 99.84 ಇದ್ದದ್ದು ಸುಮಾರು 3 ರೂ. ಹೆಚ್ಚಿತು. ರಾಜ್ಯದ ತೆರಿಗೆ ಲೆಕ್ಕ ಹಾಕುವಾಗ ಕೇಂದ್ರದ ಸುಂಕವೂ ಒಳಗೆ ಸೇರಿರುತ್ತದೆ, ಅಂದರೆ ತೆರಿಗೆಯ ಮೇಲೂ ತೆರಿಗೆ. 2022ರ ಮೇನಲ್ಲಿ ಕೇಂದ್ರ 8 ರೂ. ಸುಂಕ ಇಳಿಸಿದಾಗ ಗ್ರಾಹಕರಿಗೆ 9.50 ರೂ. ಇಳಿಯುತ್ತದೆ ಎಂದು ಹಣಕಾಸು ಸಚಿವರು ಹೇಳಿದ್ದು ಈ ಲೆಕ್ಕದಿಂದಲೇ.

ಕೈಯಲ್ಲೇ ಒಂದು ಲೆಕ್ಕ ಮಾಡೋಣ. ಬಂಕಿನವರ ಕಮಿಷನ್ ಬದಿಗಿಡಿ. ತೈಲದ ಬೆಲೆ ಲೀಟರಿಗೆ 55 ರೂ., ಕೇಂದ್ರದ ಸುಂಕ 22 ರೂ. ಅಂದುಕೊಳ್ಳಿ. ಒಟ್ಟು 77. ಅದರ ಮೇಲೆ ಶೇ 29.84 ಹಾಕಿದರೆ ಹತ್ತಿರ ಹತ್ತಿರ 100 ರೂ. ಬರುತ್ತದೆ. ಈಗ ತೈಲ 10 ರೂ. ಏರಿತು. 65 ಮತ್ತು 22 ಸೇರಿ 87, ರಾಜ್ಯದ ತೆರಿಗೆ ಹಾಕಿದರೆ 113. ತೈಲ ಶೇ 18 ಏರಿದರೆ ಬಂಕಿನಲ್ಲಿ ಶೇ 13 ಏರಿತು. ಕೇಂದ್ರದ ಗಟ್ಟಿ ಸುಂಕ ಸ್ವಲ್ಪ ತಡೆಯಿತು. ಆದರೆ ತೈಲ ಏರಿದ್ದು 10 ರೂ., ನಾವು ಕೊಟ್ಟದ್ದು 13 ರೂ. ಆ ಮೇಲಿನ 3 ರೂ. ರಾಜ್ಯದ ಖಜಾನೆಗೆ, ಯಾವ ಬಜೆಟ್ಟಿನಲ್ಲೂ ಹೇಳದೆ, ಯಾವ ಸಚಿವರೂ ಸಹಿ ಹಾಕದೆ, ತಾನಾಗಿ ಹೋಯಿತು. ರಾಜ್ಯದ 23 ರೂ. ಕೂಡ ಲೀಟರಿಗೆ ಇಷ್ಟು ಅಂತ ಗಟ್ಟಿಯಾಗಿದ್ದರೆ? 65, 22, 23 ಸೇರಿ 110. ಏರಿಕೆ ಶೇ 10 ಮಾತ್ರ.

ಇಲ್ಲೇ ಜಿಎಸ್‌ಟಿ ಮಾತು ಹೇಳಬೇಕು. ಪೆಟ್ರೋಲನ್ನು ಜಿಎಸ್‌ಟಿಗೆ ತಂದರೆ ಎಲ್ಲ ಸರಿಹೋಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಬೆಲೆ ಇಳಿಯುವುದು ನಿಜ. ಶೇ 40ರ ಅತಿ ಮೇಲಿನ ದರ ಹಾಕಿದರೂ ನಮ್ಮ 55 ರೂಪಾಯಿಯ ತೈಲ 77ಕ್ಕೆ ಸಿಗುತ್ತದೆ. ಆದರೆ ಜಿಎಸ್‌ಟಿ ಪೂರ್ತಿ ಶೇಕಡಾವಾರು ತೆರಿಗೆ. ತೈಲ 65 ಆದರೆ ಬಂಕಿನಲ್ಲಿ 91, ಅಂದರೆ ಪೂರಾ ಶೇ 18 ಏರಿಕೆ. ಒಮ್ಮೆ ಇಳಿದ ಖುಷಿ ಮುಗಿದ ಮೇಲೆ ಏರಿಳಿತ ಈಗಿನದಕ್ಕಿಂತ ಜೋರಾಗಿರುತ್ತದೆ. ಹೋದ ಆದಾಯವನ್ನು ಎಲ್ಲಿಂದ ತರುತ್ತಾರೆ ಅನ್ನುವುದು ಬೇರೆಯೇ ತಲೆಬಿಸಿ.

ಹಾಗಾದರೆ 2021-22ರಲ್ಲಿ ನಮ್ಮಲ್ಲಿ ಏರಿಕೆ ಸೊನ್ನೆ ಆದದ್ದು ಹೇಗೆ? ಪೆಟ್ರೋಲ್ ಮೇಲಿನ ಕೇಂದ್ರ ಸುಂಕ 32.90 ಇದ್ದದ್ದನ್ನು 2021ರ ನವೆಂಬರ್‌ನಲ್ಲಿ 27.90ಕ್ಕೆ, 2022ರ ಮೇನಲ್ಲಿ 19.90ಕ್ಕೆ ಇಳಿಸಿದರು. ಕರ್ನಾಟಕವೂ 2021ರ ನವೆಂಬರ್‌ನಲ್ಲಿ ತನ್ನ ಪಾಲಿನಿಂದ 7 ರೂ. ಕಡಿಮೆ ಮಾಡಿತು. ಉಳಿದದ್ದನ್ನು ಸರ್ಕಾರಿ ತೈಲ ಕಂಪನಿಗಳು ನಷ್ಟ ಮಾಡಿಕೊಂಡು ಹೊತ್ತವು. ಒಳ್ಳೆಯದೇ ಆಯಿತು. ಆದರೆ ಇಳಿಸಲು 32.90 ರೂ. ಎಲ್ಲಿಂದ ಬಂತು ಅಂತಲೂ ಕೇಳಬೇಕಲ್ವಾ?

2014ರಲ್ಲಿ ಪೆಟ್ರೋಲ್ ಮೇಲೆ ಕೇಂದ್ರದ ಸುಂಕ 9.48 ರೂ., ಡೀಸೆಲ್ ಮೇಲೆ 3.56 ರೂ. ಆಗ ಕಚ್ಚಾ ತೈಲ ಕುಸಿಯತೊಡಗಿತು. 2014ರ ನವೆಂಬರ್‌ನಿಂದ 2016ರ ಜನವರಿವರೆಗೆ ಸುಂಕವನ್ನು 9 ಬಾರಿ ಏರಿಸಿದರು. ಪೆಟ್ರೋಲ್ ಮೇಲೆ ಒಟ್ಟು 11.77 ರೂ., ಡೀಸೆಲ್ ಮೇಲೆ 13.47 ರೂ. ಆಮೇಲೆ ಲಾಕ್‌ಡೌನ್. 2020ರ ಏಪ್ರಿಲ್‌ನಲ್ಲಿ ನಮ್ಮ ಕಚ್ಚಾ ತೈಲದ ಸರಾಸರಿ ಬೆಲೆ 20 ಡಾಲರಿಗಿಂತ ಕೆಳಗೆ ಹೋಯಿತು. ಮುಂದಿನ ತಿಂಗಳೇ ಪೆಟ್ರೋಲ್ ಮೇಲೆ 10 ರೂ., ಡೀಸೆಲ್ ಮೇಲೆ 13 ರೂ. ಸುಂಕ ಹೆಚ್ಚಾಯಿತು. ಬಂಕಿನ ಬೋರ್ಡಿನಲ್ಲಿ ಅವತ್ತು ಬೆಲೆ ಬದಲಾಗಲೇ ಇಲ್ಲ, ಹಾಗಾಗಿ ಜನರಿಗೆ ಗೊತ್ತೇ ಆಗಲಿಲ್ಲ. ಡೀಸೆಲ್ ಸುಂಕ 31.83 ಆಯಿತು, 6 ವರ್ಷದಲ್ಲಿ ಸುಮಾರು 9 ಪಟ್ಟು. ಕಚ್ಚಾ ತೈಲ ಮತ್ತೆ ಏರತೊಡಗಿದಾಗ ಆ ಸುಂಕ ಹಾಗೇ ಕೂತಿತ್ತು, 2021ರಲ್ಲಿ ಪೆಟ್ರೋಲ್ 100 ದಾಟಿತು.

ನನಗೆ ಸಿಟ್ಟು ಬರುವುದು ಇಲ್ಲಿ. ಬೆಲೆ ಇಳಿದಾಗ ತೆರಿಗೆ ಏರಿಸುವುದು, ಬೆಲೆ ಏರಿದಾಗ ತೆರಿಗೆ ಇಳಿಸುವುದು ತಪ್ಪೇನಲ್ಲ, ಹಣದುಬ್ಬರವನ್ನು ಸಮ ಮಾಡಲು ಅದೊಂದು ಒಳ್ಳೆಯ ದಾರಿ. ಚಿಲಿ ದೇಶ 2014ರಿಂದ ಇದನ್ನು ಕಾನೂನಾಗಿಯೇ ಮಾಡಿಕೊಂಡಿದೆ. ತೈಲ ಏರಿದರೆ ತೆರಿಗೆ ತಾನಾಗಿ ಇಳಿಯುತ್ತದೆ, ಇಳಿದರೆ ಏರುತ್ತದೆ, ಸೂತ್ರ ಮೊದಲೇ ಗೊತ್ತಿರುತ್ತದೆ. ನಮ್ಮಲ್ಲಿ ಏರಿಸುವುದು ತಕ್ಷಣ, ಇಳಿಸುವುದು ಯಾವಾಗಲೋ. 2017ರ ಜೂನ್‌ನಿಂದ ಬೆಲೆ ದಿನಾ ಬದಲಾಗುತ್ತದೆ ಅಂತ ಹೇಳಿದರು. ಆದರೆ 2021ರ ನವೆಂಬರ್‌ನಿಂದ 2022ರ ಮಾರ್ಚ್ ವರೆಗೆ, 5 ರಾಜ್ಯಗಳ ಚುನಾವಣೆ ಮುಗಿಯುವ ತನಕ, ನಾಲ್ಕೂವರೆ ತಿಂಗಳು ಬೆಲೆ ಕದಲಲೇ ಇಲ್ಲ. ಕರ್ನಾಟಕದ 2024ರ ಏರಿಕೆಯೂ ಲೋಕಸಭೆ ಫಲಿತಾಂಶ ಬಂದು ಎರಡು ವಾರ ಆಗುವ ಮೊದಲೇ ಬಂತು. ಪಕ್ಷ ಯಾವುದಾದರೂ ಕ್ಯಾಲೆಂಡರ್ ಒಂದೇ.

ಇನ್ನು ಡೀಸೆಲ್. ಬೆಲೆಯೇರಿಕೆಯ ಅಸಲಿ ದಾರಿ ಇದು. ಹಣದುಬ್ಬರ ಅಳೆಯಲು 2012ನ್ನು ಮೂಲ ವರ್ಷ ಮಾಡಿಕೊಂಡಿದ್ದ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ವಾಹನಕ್ಕೆ ಹಾಕುವ ಪೆಟ್ರೋಲಿನ ಪಾಲು ಶೇ 2.19 ಇತ್ತು, ಡೀಸೆಲಿನದು ಬರೀ ಶೇ 0.15. ಆ ಲೆಕ್ಕದಲ್ಲಿ ಪೆಟ್ರೋಲ್ ಶೇ 3 ಏರಿದರೆ ನೇರವಾಗಿ ಸೂಚ್ಯಂಕಕ್ಕೆ ತಗಲುವುದು ಶೇ 0.07ರಷ್ಟು, ಅದೂ ಒಂದು ವರ್ಷ ಮಾತ್ರ. ಹನ್ನೆರಡು ತಿಂಗಳು ಕಳೆದರೆ ಹೊಸ ಬೆಲೆಯನ್ನು ಹೊಸ ಬೆಲೆಗೇ ಹೋಲಿಸುವುದರಿಂದ ಹಣದುಬ್ಬರದ ಅಂಕಿಯಿಂದ ಆ ಏರಿಕೆ ಮಾಯವಾಗುತ್ತದೆ. ಜೇಬಿನಿಂದ ಮಾಯವಾಗುವುದಿಲ್ಲ. ಡೀಸೆಲ್ ಅಂತೂ ಸೂಚ್ಯಂಕದಲ್ಲಿ ತನ್ನ ಹೆಸರಿನಲ್ಲಿ ಕಾಣುವುದೇ ಇಲ್ಲ ಅನ್ನಬಹುದು. ಅದು ಉಳ್ಳಾಗಡ್ಡಿಯ ಬೆಲೆಯಲ್ಲಿ, ಬಸ್ ಟಿಕೆಟ್ಟಿನಲ್ಲಿ, ಸಿಮೆಂಟ್ ಚೀಲದಲ್ಲಿ ವೇಷ ಬದಲಿಸಿ ಬರುತ್ತದೆ.

ಅಣ್ಣಿಗೇರಿ ಕಡೆ ಟ್ರ್ಯಾಕ್ಟರ್ ಇಟ್ಟುಕೊಂಡಿರುವ ನನ್ನ ಗೆಳೆಯನೊಬ್ಬ ಇದನ್ನು ಅರ್ಥಶಾಸ್ತ್ರದವರಿಗಿಂತ ಚೆನ್ನಾಗಿ ಹೇಳುತ್ತಾನೆ. "ಡೀಸೆಲ್ ಏರಿದ ದಿನಾನ ಬಾಡಿಗಿ ಏರಿಸಿದ್ರ ರೈತರು ಬೈತಾರ. ಅದಕ್ಕ ಬಿತ್ತಿಗಿ ಬರೂ ತನಕ ತಡ್ಕೋತೀವಿ. ಆದ್ರ ಒಮ್ಮೆ ಏರಿಸಿದ ಮ್ಯಾಲೆ ಇಳಸೂ ಮಾತಿಲ್ಲ ನೋಡಪಾ. ಡೀಸೆಲ್ ಇಳದೀತು, ಟೈರು ಇಳದಾವೇನು? ಡ್ರೈವರ್ ಪಗಾರ ಇಳದೈತೇನು?" ರಂಟೆ ಹೊಡೆಯುವ ಬಾಡಿಗೆ, ರೋಟರ್ ಬಾಡಿಗೆ, ಫಸಲನ್ನು ಗದಗ ಇಲ್ಲಾ ಅಮರಗೋಳ ಎಪಿಎಂಸಿಗೆ ತರುವ ಟಂಟಂ ಬಾಡಿಗೆ, ಎಲ್ಲದರದ್ದೂ ಇದೇ ಹಾದಿ. ಹಾಗಾಗಿ ಡೀಸೆಲ್ ತೆರಿಗೆಯನ್ನು ಸ್ವಲ್ಪ ದಿನ ಏರಿಸಿ ಮತ್ತೆ ಇಳಿಸಿದರೂ, ಏರಿದ್ದು ಹಳ್ಳಿಗೆ ತಲುಪುತ್ತದೆ, ಇಳಿದದ್ದು ತಲುಪುವುದಿಲ್ಲ. ಬೆಲೆ ಸ್ಥಿರವಾಗಿರುವುದು ನಮ್ಮ ಭಾಗಕ್ಕೆ ಅಷ್ಟು ಮುಖ್ಯ ಅನ್ನುವುದು ಇದೇ ಕಾರಣಕ್ಕೆ. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ತರುವವನು ಕಾಯಿಯ ರೇಟನ್ನು ತಾನು ನಿರ್ಧರಿಸುವುದಿಲ್ಲ. ಲಾರಿ ಬಾಡಿಗೆ ಜಾಸ್ತಿಯಾದರೆ ಅದನ್ನು ಖರೀದಿದಾರನ ಮೇಲೆ ಹಾಕಲು ಅವನಿಗೆ ಆಗುವುದಿಲ್ಲ, ತನ್ನ ಕೈಗೆ ಬರುವ ದುಡ್ಡಿನಲ್ಲೇ ಮುರಿದುಕೊಳ್ಳಬೇಕು.

ಕರ್ನಾಟಕದಲ್ಲಿ ಡೀಸೆಲ್ ತೆರಿಗೆ 2024ರ ಜೂನ್‌ನಲ್ಲಿ ಶೇ 14.34ರಿಂದ 18.44 ಆಯಿತು, 2025ರ ಏಪ್ರಿಲ್ 1ರಿಂದ ಶೇ 21.17. ನೆರೆಯ ರಾಜ್ಯಗಳಿಗೆ ಹೋಲಿಸಿದರೆ ನಮ್ಮದು ಇನ್ನೂ ಕಡಿಮೆ ಅಂತ ಸರ್ಕಾರ ಹೇಳಿತು. ಆ ಏಪ್ರಿಲ್ ಮಧ್ಯದಲ್ಲೇ ಲಾರಿ ಮಾಲೀಕರು ಡೀಸೆಲ್ ಮತ್ತು ಟೋಲ್ ವಿರುದ್ಧ ಮುಷ್ಕರ ಹೂಡಿದರು. ಬಸ್ಸಿನ ಕಥೆ ಇನ್ನೂ ಸುತ್ತಿನದು. 2025ರ ಜನವರಿಯಲ್ಲಿ ನಾಲ್ಕೂ ಸಾರಿಗೆ ನಿಗಮಗಳ ದರ ಶೇ 15 ಏರಿತು, ಹುಬ್ಬಳ್ಳಿಯಲ್ಲೇ ಕೇಂದ್ರ ಕಚೇರಿ ಇರುವ ನಮ್ಮ ವಾಯವ್ಯ ಸಾರಿಗೆಯದ್ದೂ ಸೇರಿ. ಅದನ್ನು ಪ್ರಕಟಿಸಿದ್ದು ಗದಗದ ಶಾಸಕರೂ ಆದ ಸಚಿವ ಎಚ್.ಕೆ. ಪಾಟೀಲರು. ಹತ್ತು ವರ್ಷದ ಹಿಂದೆ ನಾಲ್ಕೂ ನಿಗಮಗಳ ಡೀಸೆಲ್ ಖರ್ಚು ದಿನಕ್ಕೆ 9.16 ಕೋಟಿ ರೂ. ಇತ್ತು, ಈಗ 13.21 ಕೋಟಿ ಆಗಿದೆ ಎಂದು ಅವರು ಕಾರಣ ಕೊಟ್ಟರು. ಮೂರು ತಿಂಗಳಾಗುವ ಹೊತ್ತಿಗೆ ಅದೇ ಸರ್ಕಾರ ಡೀಸೆಲ್ ತೆರಿಗೆ ಏರಿಸಿತು. ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳ ಟಿಕೆಟ್ ದುಡ್ಡನ್ನು ಕೊಡುವುದೂ ರಾಜ್ಯವೇ. ಒಂದು ಕೈಯಿಂದ ತೆಗೆದುಕೊಂಡದ್ದನ್ನು ಇನ್ನೊಂದು ಕೈಯಿಂದ ಕೊಟ್ಟ ಹಾಗಾಯಿತು, ನಡುವೆ ದುಡ್ಡು ಕೊಟ್ಟು ಟಿಕೆಟ್ ತೆಗೆಯುವ ಗಂಡಸರು ಎರಡೂ ಏರಿಕೆಯನ್ನು ಹೊತ್ತರು.

ರಾಜ್ಯದ ಕಡೆಯಿಂದಲೂ ಒಂದು ನ್ಯಾಯವಾದ ದೂರಿದೆ. ಕೇಂದ್ರದ ಸುಂಕದ ಬಹುಪಾಲು ಸೆಸ್ ಮತ್ತು ವಿಶೇಷ ಸುಂಕ, ಅದನ್ನು ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಾಗಿಲ್ಲ. 2022ರ ಮೇ ನಂತರದ 19.90 ರೂಪಾಯಿಯಲ್ಲಿ ಹಂಚಿಕೆಗೆ ಬರುವ ಮೂಲ ಸುಂಕ 1.40 ರೂ. ಮಾತ್ರ. ಅದರ ಶೇ 41 ಎಲ್ಲ ರಾಜ್ಯಗಳಿಗೂ ಸೇರಿ, ಅಂದರೆ ಲೀಟರಿಗೆ 57 ಪೈಸೆ. ಜಿಎಸ್‌ಟಿ ಬಂದ ಮೇಲೆ ರಾಜ್ಯಗಳ ಕೈಯಲ್ಲಿ ಉಳಿದ ತೆರಿಗೆಗಳೇ ಕೆಲವು. ಹೀಗಿರುವಾಗ ರಾಜ್ಯ ಪೆಟ್ರೋಲ್ ಕಡೆ ಕೈ ಚಾಚುವುದು ಆಶ್ಚರ್ಯವಲ್ಲ.

ತಾತ್ಕಾಲಿಕ ಕಡಿತ ಮಾಡಿದ ದೇಶಗಳ ಅನುಭವ ಬೇರೆ ಪಾಠ ಹೇಳುತ್ತದೆ. ಜರ್ಮನಿ 2022ರ ಜೂನ್‌ನಿಂದ ಆಗಸ್ಟ್ ವರೆಗೆ ಪೆಟ್ರೋಲ್ ತೆರಿಗೆಯನ್ನು ಲೀಟರಿಗೆ 65.45 ಸೆಂಟ್‌ನಿಂದ 35.9 ಸೆಂಟ್‌ಗೆ ಇಳಿಸಿತು. ಸೆಪ್ಟೆಂಬರ್ ಬಂದ ಕೂಡಲೇ ಬೆಲೆ ಜಿಗಿಯಿತು, ದೇಶದ ಹಣದುಬ್ಬರವೂ ಜೊತೆಗೇ ಏರಿತು. 9 ಯೂರೋಗೆ ತಿಂಗಳಿಡೀ ಓಡಾಡುವ ಟಿಕೆಟ್ ಅದೇ ಹೊತ್ತಿಗೆ ನಿಂತದ್ದೂ ಒಂದು ಕಾರಣ. ಜಪಾನಿನದು ಇನ್ನೂ ಸ್ವಾರಸ್ಯ. ಅಲ್ಲಿ ಪೆಟ್ರೋಲ್ ತೆರಿಗೆ ಲೀಟರಿಗೆ 53.8 ಯೆನ್ ಇತ್ತು, ಅದರಲ್ಲಿ 25.1 ಯೆನ್ 1974ರಲ್ಲಿ ಶುರುವಾದ "ತಾತ್ಕಾಲಿಕ" ಹೆಚ್ಚುವರಿ ತೆರಿಗೆ. 2008ರಲ್ಲಿ ಸಂಸತ್ತಿನ ಹಗ್ಗಜಗ್ಗಾಟದಲ್ಲಿ ಅದರ ಅವಧಿ ಮುಗಿದು, ಏಪ್ರಿಲ್ ಒಂದು ತಿಂಗಳು ಮಾತ್ರ ಆ ಹೆಚ್ಚುವರಿ ತೆರಿಗೆ ಇಲ್ಲದೆ ಪೆಟ್ರೋಲ್ ಅಗ್ಗವಾಯಿತು, ಮೇನಲ್ಲಿ ಮತ್ತೆ ಹಾಕಿದರು. ಆ "ತಾತ್ಕಾಲಿಕ" ತೆರಿಗೆ ಕೊನೆಗೂ ರದ್ದಾದದ್ದು 2025ರ ಡಿಸೆಂಬರ್ ಕೊನೆಗೆ, 50 ವರ್ಷದ ಮೇಲೆ.

ತೆರಿಗೆಯ ಬದಲು ಸಬ್ಸಿಡಿ ಕೊಟ್ಟು ಬೆಲೆ ಹಿಡಿದಿಟ್ಟವರ ಪಾಡು ನೋಡಬೇಕೆಂದರೆ ನೈಜೀರಿಯಾ ಇದೆ. ವರ್ಷಗಟ್ಟಲೆ ದೊಡ್ಡ ಏರಿಕೆ ಕಾಣಲೇ ಇಲ್ಲ. 2023ರ ಮೇ 29ರಂದು ಹೊಸ ಅಧ್ಯಕ್ಷರು ಸಬ್ಸಿಡಿ ಮುಗಿಯಿತು ಅಂದರು, 200 ನೈರಾಗಿಂತ ಕಡಿಮೆ ಇದ್ದ ಲೀಟರ್ ಬೆಲೆ ಕೆಲವೇ ದಿನಗಳಲ್ಲಿ 480 ದಾಟಿತು.

ಗಟ್ಟಿ ತೆರಿಗೆಗೂ ದೋಷವಿದೆ, ಮುಚ್ಚಿಡಬಾರದು. ಅಮೆರಿಕದ 18.4 ಸೆಂಟ್ 1993ರಲ್ಲಿ ಕೊಳ್ಳುತ್ತಿದ್ದಷ್ಟು ಡಾಂಬರನ್ನು ಈಗ ಕೊಳ್ಳುವುದಿಲ್ಲ. ಅಲ್ಲಿನ ಹೆದ್ದಾರಿ ನಿಧಿಗೆ 2008ರಿಂದ ಬೇರೆ ಖಾತೆಯಿಂದ ದುಡ್ಡು ತುಂಬುತ್ತಿದ್ದಾರೆ. ಆಸ್ಟ್ರೇಲಿಯಾ ಇದಕ್ಕೆ ವರ್ಷಕ್ಕೆ ಎರಡು ಸಲ ತೆರಿಗೆಯನ್ನು ಹಣದುಬ್ಬರಕ್ಕೆ ತಕ್ಕಂತೆ ಸ್ವಲ್ಪ ಸ್ವಲ್ಪ ಏರಿಸುವ ದಾರಿ ಹಿಡಿದಿದೆ. ಅದೇ ನನಗೆ ಹೆಚ್ಚು ಸರಿ ಅನ್ನಿಸುತ್ತದೆ.

ಹುಬ್ಬಳ್ಳಿಯಿಂದ ಗೋವಾಗೆ, ಇಲ್ಲಾ ಪುಣೆ ರಸ್ತೆಯಲ್ಲಿ ಹೋಗುವವರಿಗೆ ತೆರಿಗೆಯ ವ್ಯತ್ಯಾಸ ಹೇಳಿಕೊಡಬೇಕಾಗಿಲ್ಲ. ಗೋವಾ 2012ರಲ್ಲಿ ಪೆಟ್ರೋಲ್ ಮೇಲಿನ ವ್ಯಾಟ್ ಅನ್ನು ಶೇ 0.1ಕ್ಕೆ ಇಳಿಸಿದಾಗ ಲೀಟರ್ ಬೆಲೆ ಸುಮಾರು 11 ರೂ. ಬಿದ್ದಿತ್ತು. ಮಹಾರಾಷ್ಟ್ರದಲ್ಲಿ ಪೆಟ್ರೋಲ್ ಮೇಲೆ ಶೇಕಡಾವಾರು ವ್ಯಾಟ್ ಜೊತೆಗೆ ಲೀಟರಿಗೆ 5.12 ರೂ. ಸೆಸ್ ಇದೆ. ಕರ್ನಾಟಕದ ಡೀಸೆಲ್ ತೆರಿಗೆ ಏರುವ ಮುಂಚೆ, ನಿಪ್ಪಾಣಿ ದಾಟುವ ಮೊದಲು ಟ್ಯಾಂಕ್ ತುಂಬಿಸಿಕೊಳ್ಳುವುದು ಲಾರಿ ಡ್ರೈವರುಗಳಿಗೆ ಕರಗತವಾಗಿತ್ತು. ರಾಜ್ಯವೊಂದು ತನಗೆ ಬೇಕಾದ ಹಾಗೆ ತೆರಿಗೆಯ ರೀತಿಯನ್ನು ಬದಲಿಸಬಹುದು, ಅದಕ್ಕೆ ದೆಹಲಿಯ ಅಪ್ಪಣೆ ಬೇಕಿಲ್ಲ ಅನ್ನುವುದು ಇದರಿಂದ ಗೊತ್ತಾಗುತ್ತದೆ.

ಹಾಗಾಗಿ ನಮ್ಮ ಶಾಸಕರನ್ನು ಕೇಳಬೇಕಾದದ್ದು ತೆರಿಗೆ ತೆಗೆಯಿರಿ ಅಂತಲ್ಲ, ಅದು ಆಗುವ ಮಾತೂ ಅಲ್ಲ. ಶೇ 29.84 ಮತ್ತು ಶೇ 21.17ರ ಬದಲು ಅಷ್ಟೇ ಆದಾಯ ಬರುವ ಹಾಗೆ ಲೀಟರಿಗೆ ಇಷ್ಟು ರೂಪಾಯಿ ಅಂತ ನಿಗದಿ ಮಾಡಿ, ವರ್ಷಕ್ಕೊಮ್ಮೆ ಬಜೆಟ್ಟಿನಲ್ಲಿ ಮಾತ್ರ ಬದಲಿಸಿ ಅಂತ ಕೇಳೋಣ. ತೈಲ 10 ರೂ. ಏರಿದರೆ ಸರ್ಕಾರಕ್ಕೆ ಪೆಟ್ರೋಲಿನ ಮೇಲೆ ಆ ಪುಕ್ಕಟೆ 3 ರೂ. ಸಿಗುವುದಿಲ್ಲ. ಇಳಿದರೆ ಅದೇ 3 ರೂ. ನಷ್ಟವೂ ಆಗುವುದಿಲ್ಲ, ಬಜೆಟ್ ಲೆಕ್ಕ ತಪ್ಪುವುದಿಲ್ಲ. ಡೀಸೆಲ್‌ಗೂ ಇದೇ ಲೆಕ್ಕ. ಅಮರಗೋಳದಲ್ಲಿ ಲಾರಿ ಬಾಡಿಗೆ ಮಾತಾಡುವವನಿಗೂ, ಅಣ್ಣಿಗೇರಿಯಲ್ಲಿ ಟ್ರ್ಯಾಕ್ಟರ್ ಕರೆಸುವವನಿಗೂ ಮುಂದಿನ ಏಪ್ರಿಲ್ ತನಕ ತೆರಿಗೆ ಎಷ್ಟು ಅಂತ ಮೊದಲೇ ಗೊತ್ತಿರುತ್ತದೆ.